ಆಪ್ಟೇನ್ ಆಫ್ ಮಾಡಬೇಕಾ, ಹಾಗೇ ಬಿಡಬೇಕಾ? ಡೇಟಾ ಕಳೆದುಕೊಳ್ಳದೆ ನಿಮ್ಮ ದಾರಿ ಆರಿಸಿಕೊಳ್ಳಿ

2018ರಿಂದ 2020ರ ಆಸುಪಾಸಿನಲ್ಲಿ ಲ್ಯಾಪ್‌ಟಾಪ್ ಕೊಂಡವರು ಒಮ್ಮೆ ಅದರ ಬಿಲ್ ಅಥವಾ ಡಬ್ಬದ ಮೇಲಿನ ಚೀಟಿ ತೆಗೆದು ನೋಡಿ. ಅದರಲ್ಲಿ 1 ಟಿಬಿ ಹಾರ್ಡ್‌ಡಿಸ್ಕ್ ಪಕ್ಕದಲ್ಲಿ 16 ಜಿಬಿ ಇಂಟೆಲ್ ಆಪ್ಟೇನ್ ಅಂತ ಇದ್ದರೆ ಇದು ನಿಮಗಾಗಿ ಬರೆದದ್ದು. ಹಾರ್ಡ್‌ಡಿಸ್ಕ್ ನಿಧಾನ, ತಿರುಗುವ ಭಾಗ ಇಲ್ಲದ ವೇಗದ ಡ್ರೈವ್ ಆದ ಎಸ್‌ಎಸ್‌ಡಿ ಆಗ ದುಬಾರಿ. ಹಾಗಾಗಿ ನಿಧಾನದ ಡಿಸ್ಕ್ ಮುಂದೆ ಒಂದು ಪುಟ್ಟ ವೇಗದ ಚಿಪ್ ಕೂರಿಸಿ, ಎರಡೂ ಸೇರಿ ಒಂದೇ ಡ್ರೈವ್ ಅಂತ ವಿಂಡೋಸ್‌ಗೆ ತೋರಿಸುವ ಏರ್ಪಾಡು ಮಾಡಿದರು. ಆ ಚಿಪ್ಪೇ ಆಪ್ಟೇನ್. ಮಾರುವಾಗ ಕೆಲವರು 4 ಜಿಬಿ ರ‍್ಯಾಮ್‌ಗೆ ಈ 16ನ್ನೂ ಕೂಡಿಸಿ "20 ಜಿಬಿ ಮೆಮರಿ" ಅಂತ ಹೇಳಿದ್ದೂ ಉಂಟು. ಇದು ರ‍್ಯಾಮ್‌ನ ಕೆಲಸ ಮಾಡುವುದಿಲ್ಲ, ಆ ಲೆಕ್ಕ ಮರೆತುಬಿಡಿ.

2017ರಲ್ಲಿ ಶುರುವಾದ ಈ ಆಪ್ಟೇನ್ ಮೆಮರಿಯ ವ್ಯಾಪಾರವನ್ನು ಮುಚ್ಚುತ್ತೇವೆ ಅಂತ ಇಂಟೆಲ್ 2022ರ ಜುಲೈನಲ್ಲಿ ಹೇಳಿತು. ಮೆಷಿನ್‌ಗಳು ಮಾತ್ರ ಇನ್ನೂ ಓಡುತ್ತಿವೆ. ಹಾರ್ಡ್‌ಡಿಸ್ಕ್‌ಗೆ ವಯಸ್ಸಾಗಿದೆ, 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದಿದೆ, ಎಲ್ಲರಿಗೂ ಈಗ ಎಸ್‌ಎಸ್‌ಡಿ ಹಾಕಿಸುವ ಯೋಚನೆ. ಅಲ್ಲಿಗೆ ಬಂದು ಸಿಕ್ಕಿಹಾಕಿಕೊಳ್ಳುತ್ತಾರೆ. ಹಾಗೇ ಬಿಡಬೇಕಾ, ವಿಂಡೋಸ್ ಒಳಗಿಂದ ಆಫ್ ಮಾಡಬೇಕಾ, ವಿಂಡೋಸ್‌ಗೂ ಮುಂಚೆ ಬರುವ ಸೆಟಪ್ ಪರದೆಯಾದ ಬಯಾಸ್‌ನಿಂದಲಾ, ಎಲ್ಲ ಅಳಿಸಿ ಹೊಸದಾಗಿ ಹಾಕಬೇಕಾ, ಇಲ್ಲ ಅಂಗಡಿಯವರ ಕೈಗೆ ಕೊಟ್ಟು ನೆಮ್ಮದಿಯಾಗಿ ಇರಬೇಕಾ?

ಈಚೆಗೆ ಮೂವರು ಇದನ್ನೇ ಕೇಳಿದರು. ಒಬ್ಬರು ಮಂಡ್ಯದಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದಾರೆ, ಇನ್ನೊಬ್ಬರದು ಮೈಸೂರಿನ ಸರಸ್ವತಿಪುರಂನಲ್ಲಿ ಡಿಟಿಪಿ ಕೆಲಸ, ಮೂರನೆಯವನು ಇಂಜಿನಿಯರಿಂಗ್ ಓದುವ ಹುಡುಗ, ಲಿನಕ್ಸ್ ಹಾಕಬೇಕಂತೆ. ಮೂವರಿಗೂ ನಾನು ಬೇರೆ ಬೇರೆ ಉತ್ತರ ಕೊಟ್ಟೆ. ಯಾಕೆ ಅಂತ ಕೆಳಗೆ ನೋಡಿ.

ಮೊದಲು, ಡೇಟಾ ಎಲ್ಲಿ ಕೂತಿರುತ್ತದೆ?

ಇದೊಂದು ಗೊತ್ತಾದರೆ ಉಳಿದದ್ದೆಲ್ಲ ಸುಲಭ. ವೇಗ ಹೆಚ್ಚಿಸುವ ಈ ಚಿಪ್‌ಗಳು ಎರಡು ರೀತಿಯಲ್ಲಿ ಕೆಲಸ ಮಾಡುತ್ತವೆ. ಒಂದು, ನೀವು ಸೇವ್ ಮಾಡಿದ್ದನ್ನು ಚಿಪ್‌ನಲ್ಲೂ ಹಾರ್ಡ್‌ಡಿಸ್ಕ್‌ನಲ್ಲೂ ಒಟ್ಟಿಗೆ ಬರೆಯುವುದು. ಇನ್ನೊಂದು, ಮೊದಲು ಚಿಪ್‌ನಲ್ಲಿ ಬರೆದು, ಆಮೇಲೆ ಬಿಡುವಾದಾಗ ಹಾರ್ಡ್‌ಡಿಸ್ಕ್‌ಗೆ ಏರಿಸುವುದು. ಈ ಎರಡನೆಯದು ಕಿರಾಣಿ ಅಂಗಡಿಯವರು ಹಗಲೆಲ್ಲ ಸಾಲವನ್ನು ಚೀಟಿಯಲ್ಲಿ ಗೀಚಿಕೊಂಡು ರಾತ್ರಿ ಖಾತೆ ಪುಸ್ತಕಕ್ಕೆ ಏರಿಸಿದ ಹಾಗೆ. ನಡುವೆ ಚೀಟಿ ಕಳೆದುಹೋದರೆ ಪುಸ್ತಕ ಇದ್ದೂ ಲೆಕ್ಕ ತಪ್ಪುತ್ತದೆ.

ಆಪ್ಟೇನ್ ಎರಡನೆಯ ಜಾತಿಯದು. ಅದೂ ಫೈಲ್ ಲೆಕ್ಕಕ್ಕಿಂತ ಹೆಚ್ಚಾಗಿ ಡಿಸ್ಕಿನ ಸಣ್ಣ ಸಣ್ಣ ತುಂಡುಗಳ ಲೆಕ್ಕದಲ್ಲಿ ಕೆಲಸ ಮಾಡುತ್ತದೆ. ಅಂದರೆ ಒಂದೇ ಫೋಟೋದ ಮುಕ್ಕಾಲು ಭಾಗ ಹಾರ್ಡ್‌ಡಿಸ್ಕ್‌ನಲ್ಲಿ, ಕಾಲು ಭಾಗದ ಹೊಸ ಪ್ರತಿ ಚಿಪ್‌ನಲ್ಲಿ ಇರಬಹುದು. ಯಾವ ಫೈಲ್ ಎಲ್ಲಿದೆ ಅಂತ ಹೇಳುವ ವಿಂಡೋಸ್‌ನ ಪಟ್ಟಿಯ ತುಂಡುಗಳೇ ಚಿಪ್‌ನಲ್ಲಿ ಇರಬಹುದು. ಅದಕ್ಕೇ ಆಫ್ ಮಾಡದೆ ಚಿಪ್ ಬಿಚ್ಚಿದರೆ ಹಾರ್ಡ್‌ಡಿಸ್ಕ್ ಗಟ್ಟಿಮುಟ್ಟಾಗಿದ್ದರೂ ಕಂಪ್ಯೂಟರ್ ಆನ್ ಆಗದೆ ಕೂರುತ್ತದೆ. ಸ್ಕ್ರೂಡ್ರೈವರ್ ಕೈಗೆ ಬರುವುದು ಆಫ್ ಮಾಡಿ ಮುಗಿದ ಮೇಲೆ. ಯಾವ ದಾರಿ ಆರಿಸಿಕೊಂಡರೂ ಈ ಕ್ರಮ ಬದಲಾಗುವುದಿಲ್ಲ.

ದಾರಿ ಆರಿಸುವ ಮುಂಚೆ ಏನೇನು ನೋಡಬೇಕು

ಮೆಷಿನ್ ಈಗ ವಿಂಡೋಸ್‌ವರೆಗೆ ಬರುತ್ತಿದೆಯಾ? ಬರುತ್ತಿದ್ದರೆ ಎಲ್ಲ ದಾರಿಗಳೂ ನಿಮಗೆ ತೆರೆದಿವೆ. ಬರದಿದ್ದರೆ ಎರಡೋ ಮೂರೋ ಮಾತ್ರ.

ನಿಮ್ಮ ಫೈಲ್‌ಗಳ ಇನ್ನೊಂದು ಪ್ರತಿ ಬೇರೆ ಎಲ್ಲಾದರೂ ಇದೆಯಾ? ಡಿ ಡ್ರೈವ್‌ಗೆ ಕಾಪಿ ಮಾಡಿದ್ದೀನಿ ಅನ್ನುವವರು ತುಂಬ ಜನ. ಸಿ ಮತ್ತು ಡಿ ಎರಡೂ ಒಂದೇ ಹಾರ್ಡ್‌ಡಿಸ್ಕಿನ ಎರಡು ಪಾಲು, ಅದು ಲೆಕ್ಕಕ್ಕಿಲ್ಲ. ಹೊರಗಿನ ಹಾರ್ಡ್‌ಡಿಸ್ಕ್‌ನಲ್ಲೋ ಇನ್ನೊಂದು ಕಂಪ್ಯೂಟರ್‌ನಲ್ಲೋ ಇರಬೇಕು.

ಹಾರ್ಡ್‌ಡಿಸ್ಕಿನ ಆರೋಗ್ಯ ಹೇಗಿದೆ? ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅಂತ ಉಚಿತ ಸಾಫ್ಟ್‌ವೇರ್ ಇದೆ, ಹಾಕಿ ನೋಡಿ. ನೀಲಿ ಇದ್ದರೆ ಸರಿ. ಹಳದಿ ಬಂದರೆ ಮೊದಲು ಬ್ಯಾಕಪ್, ಆಮೇಲೆ ಮಿಕ್ಕ ಮಾತು. ಕೆಟ್ಟ ಸೆಕ್ಟರ್ ಇರುವ ಡಿಸ್ಕ್‌ಗೆ ಚಿಪ್‌ನಿಂದ ವಾಪಸ್ ಬರೆಯುವಾಗ ಕೆಲಸ ಅರ್ಧಕ್ಕೇ ನಿಲ್ಲಬಹುದು.

ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಇದೆಯಾ? ನಾನು ಹಾಕಿಲ್ಲ ಅನ್ನಬೇಡಿ, ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದ ಕೂಡಲೇ ಡಿವೈಸ್ ಎನ್‌ಕ್ರಿಪ್ಶನ್ ತಾನಾಗಿ ಶುರುವಾಗಿರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ನೋಡಿ. ಇದ್ದರೆ 48 ಅಂಕಿಯ ರಿಕವರಿ ಕೀಯನ್ನು ಖಾತೆಯ ಪುಟದಿಂದ ತೆಗೆದು ಕಾಗದದಲ್ಲಿ ಬರೆದಿಡಿ. ಆ ಕೀ ಇರುವ ಫೈಲನ್ನು ಅದೇ ಲ್ಯಾಪ್‌ಟಾಪ್‌ನಲ್ಲಿ ಇಟ್ಟುಕೊಂಡು ಪ್ರಯೋಜನ ಇಲ್ಲ ಅಲ್ವಾ?

ಆಮೇಲೆ ಕರೆಂಟ್. ಚಿಪ್‌ನಿಂದ ಡಿಸ್ಕ್‌ಗೆ ವಾಪಸ್ ಬರೆಯುವ ಹೊತ್ತಲ್ಲಿ ಪವರ್ ಹೋಗಬಾರದು. ಲ್ಯಾಪ್‌ಟಾಪ್ ಬ್ಯಾಟರಿ ಸತ್ತಿದ್ದರೆ, ಅಥವಾ ನಿಮ್ಮದು ಡೆಸ್ಕ್‌ಟಾಪ್ ಆಗಿದ್ದರೆ, ಚೆಸ್ಕಾಂನವರ "ನಾಳೆ ವಿದ್ಯುತ್ ವ್ಯತ್ಯಯ" ಅನ್ನುವ ಪ್ರಕಟಣೆಯಲ್ಲಿ ನಿಮ್ಮ ಬಡಾವಣೆ ಇದೆಯಾ ನೋಡಿಕೊಂಡು ದಿನ ಆರಿಸಿ. ಸಣ್ಣ ಯುಪಿಎಸ್ ಕೆಲವು ನಿಮಿಷ ತಡೆಯಬಹುದು ಅಷ್ಟೆ, ಮನೆ ಇನ್ವರ್ಟರ್ ಲೈನ್‌ಗೆ ಹಾಕಿಕೊಂಡರೆ ವಾಸಿ.

ಕೊನೆಗೆ ದುಡ್ಡು. ಆಫ್ ಮಾಡುವುದಕ್ಕೆ ಖರ್ಚಿಲ್ಲ. ಬ್ಯಾಕಪ್‌ಗೆ ಹೊರಗಿನ ಡಿಸ್ಕ್ ಬೇಕು, ಸಾಲ ತಂದರೂ ಆದೀತು. ಎಸ್‌ಎಸ್‌ಡಿ ಬೆಲೆ ಒಂದೇ ಸಮ ಏರಿ ಇಳಿಯುತ್ತಿರುತ್ತದೆ, ಅದನ್ನು ಕೊಳ್ಳುವ ದಿನ ವಿಚಾರಿಸಿ.

ಹಾಗೇ ಬಿಡುವುದು

ಇದೂ ಒಂದು ಆಯ್ಕೆಯೇ. ಎಸ್‌ಎಸ್‌ಡಿ ಹಾಕುವ ಯೋಚನೆ ಇಲ್ಲ, ಮೆಷಿನ್ ಸರಿಯಾಗಿ ಓಡುತ್ತಿದೆ ಅಂದರೆ ಆಪ್ಟೇನ್ ಆಫ್ ಮಾಡಿ ಏನು ಸಿಗುತ್ತದೆ? ನಿಧಾನ ಸಿಗುತ್ತದೆ. 5400 ಸುತ್ತಿನ ಲ್ಯಾಪ್‌ಟಾಪ್ ಹಾರ್ಡ್‌ಡಿಸ್ಕ್ ಸೆಕೆಂಡಿಗೆ ಹೆಚ್ಚುಕಡಿಮೆ 100 ಎಂಬಿ ಓದುತ್ತದೆ, ಅದೂ ಫೈಲ್ ಒಂದೇ ಕಡೆ ಸಾಲಾಗಿ ಇದ್ದಾಗ. ವಿಂಡೋಸ್ ಶುರುವಾಗುವಾಗ ಅಲ್ಲೊಂದು ಇಲ್ಲೊಂದು ತುಂಡು ಹುಡುಕಬೇಕಾದಾಗ ಅದರ ಪಾಡು ನೋಡಲಾಗದು. ಆ ಪಾಡನ್ನು ತಪ್ಪಿಸುತ್ತಿರುವುದೇ ಆಪ್ಟೇನ್.

ಕೆಲವರು ಆಫ್ ಮಾಡಲು ಹೊರಡುವುದು ಒಂದು ಕಿರಿಕಿರಿಯ ಮೆಸೇಜ್‌ನಿಂದ. ಕಂಪ್ಯೂಟರ್ ಆನ್ ಮಾಡಿದಾಗಲೆಲ್ಲ "ಆಪ್ಟೇನ್ ಮೆಮರಿ ಪಿನ್ನಿಂಗ್" ಹೆಸರಿನಲ್ಲಿ, ಯಾವುದೋ ಡಿಎಲ್‌ಎಲ್ ಫೈಲ್ ಸಿಗಲಿಲ್ಲ ಅಂತ ಒಂದು ಡಬ್ಬಿ ಬಂದು ಕೂರುತ್ತದೆ. ಇದಕ್ಕೆ ಡ್ರೈವ್ ಮುಟ್ಟುವ ಅಗತ್ಯವೇ ಇಲ್ಲ. ಸೆಟ್ಟಿಂಗ್ಸ್‌ನ ಆ್ಯಪ್ಸ್ ಪಟ್ಟಿಯಲ್ಲಿ "ಇಂಟೆಲ್ ಆಪ್ಟೇನ್ ಪಿನ್ನಿಂಗ್ ಎಕ್ಸ್‌ಪ್ಲೋರರ್ ಎಕ್ಸ್‌ಟೆನ್ಶನ್ಸ್" ಅಂತ ಒಂದು ಇರುತ್ತದೆ. ಅದನ್ನು ಮಾತ್ರ ತೆಗೆದುಹಾಕಿ. ಮೆಸೇಜ್ ಹೋಗುತ್ತದೆ, ವೇಗ ಉಳಿಯುತ್ತದೆ.

ಹಾಗೇ ಬಿಡುವುದರ ತೊಂದರೆ ಬೇರೆ ಕಡೆ ಇದೆ. ಡೇಟಾ ಈಗ ಎರಡು ಸಾಮಾನುಗಳ ಮೇಲೆ ನಿಂತಿದೆ, ಎರಡರಲ್ಲಿ ಯಾವುದು ಕೈಕೊಟ್ಟರೂ ಕಷ್ಟ. ಮದರ್‌ಬೋರ್ಡ್ ಹೋದರೆ ಹಾರ್ಡ್‌ಡಿಸ್ಕ್ ಒಂದನ್ನೇ ಬಿಚ್ಚಿ ಇನ್ನೊಂದು ಕಂಪ್ಯೂಟರ್‌ಗೆ ಸಿಕ್ಕಿಸಿ ಫೈಲ್ ತೆಗೆಯುವ ಹಳೇ ದಾರಿ ಇಲ್ಲಿ ನಡೆಯುವುದಿಲ್ಲ. ಚಿಪ್ ಮತ್ತು ಡಿಸ್ಕ್ ಎರಡನ್ನೂ ಜೊತೆಯಾಗೇ ಆಪ್ಟೇನ್ ಬೆಂಬಲ ಇರುವ ಇನ್ನೊಂದು ಬೋರ್ಡ್‌ಗೆ ಹಾಕಿ ನೋಡಬೇಕು. ಅಂಥ ಬೋರ್ಡ್ ಹುಡುಕುವುದು ವರ್ಷ ಕಳೆದಂತೆ ಕಷ್ಟ ಆಗುತ್ತಾ ಹೋಗುತ್ತದೆ. ಹಾಗಾಗಿ, ಬಿಡುವುದಾದರೆ ವಾರಕ್ಕೊಮ್ಮೆ ಬ್ಯಾಕಪ್ ಮಾಡುವ ಅಭ್ಯಾಸ ಇರುವವರು ಬಿಡಿ.

ವಿಂಡೋಸ್ ಒಳಗಿಂದ ಆಫ್ ಮಾಡುವುದು

ಮೆಷಿನ್ ಆನ್ ಆಗುತ್ತಿದ್ದರೆ ಹತ್ತರಲ್ಲಿ ಒಂಬತ್ತು ಜನಕ್ಕೆ ನಾನು ಹೇಳುವುದು ಇದನ್ನೇ. ಖರ್ಚಿಲ್ಲ, ವಿಂಡೋಸ್ ಹೋಗುವುದಿಲ್ಲ, ಹಾಕಿಕೊಂಡ ಸಾಫ್ಟ್‌ವೇರ್ ಎಲ್ಲ ಇದ್ದಲ್ಲೇ ಇರುತ್ತದೆ.

ಮೈಕ್ರೋಸಾಫ್ಟ್ ಸ್ಟೋರ್‌ನಲ್ಲಿ ಸಿಗುವ ಇಂಟೆಲ್‌ನ ಆಪ್ಟೇನ್ ಮೆಮರಿ ಆ್ಯಂಡ್ ಸ್ಟೋರೇಜ್ ಮ್ಯಾನೇಜ್‌ಮೆಂಟ್ ಆ್ಯಪ್, ಅಥವಾ ಹಳೆಯ ಮೆಷಿನ್‌ನಲ್ಲಿ ಮೊದಲೇ ಇರುವ ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ಟೆಕ್ನಾಲಜಿ ತೆರೆಯಿರಿ. ಎಲ್ಲರೂ ಇದನ್ನು ಆರ್‌ಎಸ್‌ಟಿ ಅಂತಾರೆ. ಆಪ್ಟೇನ್ ಮೆಮರಿ ಅನ್ನುವ ಪುಟದಲ್ಲಿ ಡಿಸೇಬಲ್ ಬಟನ್ ಇರುತ್ತದೆ. ಆ್ಯಪ್ ತೆರೆದು "ನಿಮ್ಮ ಪ್ಲಾಟ್‌ಫಾರ್ಮ್‌ಗೆ ಬೆಂಬಲ ಇಲ್ಲ" ಅಂದರೆ ಗಾಬರಿ ಬೇಡ, ಸಾಮಾನ್ಯವಾಗಿ ಡ್ರೈವರ್ ಮತ್ತು ಆ್ಯಪ್‌ನ ಆವೃತ್ತಿ ಹೊಂದುತ್ತಿಲ್ಲ ಅಂತ ಅರ್ಥ. ಲ್ಯಾಪ್‌ಟಾಪ್ ಕಂಪನಿಯ ಸಪೋರ್ಟ್ ಪುಟಕ್ಕೆ ಹೋಗಿ ನಿಮ್ಮ ಮಾಡೆಲ್‌ಗೆ ಕೊಟ್ಟಿರುವ ಆರ್‌ಎಸ್‌ಟಿ ಡ್ರೈವರ್ ಹಾಕಿ ಮತ್ತೆ ನೋಡಿ.

ಬಟನ್ ಒತ್ತುವ ಮುಂಚೆ ಬ್ಯಾಕಪ್ ಮುಗಿದಿರಲಿ, ಬಿಟ್‌ಲಾಕರ್ ಸಸ್ಪೆಂಡ್ (ತಾತ್ಕಾಲಿಕವಾಗಿ ನಿಲುಗಡೆ) ಆಗಿರಲಿ, ಚಾರ್ಜರ್ ಸಿಕ್ಕಿಸಿರಲಿ, ತೆರೆದಿರುವ ಕೆಲಸ ಎಲ್ಲ ಮುಚ್ಚಿ. ಒತ್ತಿದ ಮೇಲೆ ರೀಸ್ಟಾರ್ಟ್ ಕೇಳುತ್ತದೆ. ರೀಸ್ಟಾರ್ಟನ್ನೇ ಮಾಡಿ, ಶಟ್‌ಡೌನ್ ಮಾಡಿ ಆನ್ ಮಾಡಬೇಡಿ. ಫಾಸ್ಟ್ ಸ್ಟಾರ್ಟಪ್ ಇದ್ದರೆ ಶಟ್‌ಡೌನ್ ಅನ್ನುವುದು ಪೂರ್ತಿ ಶಟ್‌ಡೌನ್ ಆಗಿರುವುದಿಲ್ಲ.

ಈಗ ಬರುತ್ತದೆ ತಾಳ್ಮೆಯ ಭಾಗ. ಚಿಪ್‌ನಲ್ಲಿ ಉಳಿದದ್ದನ್ನೆಲ್ಲ ಡಿಸ್ಕ್‌ಗೆ ಬರೆದು ಮುಗಿಸಬೇಕು. ಪರದೆ ಕಪ್ಪಗೆ ಇರಬಹುದು, ಕಂಪನಿಯ ಲೋಗೋ ಒಂದೇ ನಿಂತಿರಬಹುದು, ಚುಕ್ಕಿಗಳು ಸುತ್ತುತ್ತಲೇ ಇರಬಹುದು. ಲ್ಯಾಪ್‌ಟಾಪ್‌ನ ಅಂಚಿನಲ್ಲಿ ಡಿಸ್ಕ್ ದೀಪ ಇದ್ದರೆ ಅದು ಬಿಡದೆ ಮಿಣುಕುತ್ತದೆ. ದೀಪ ಇಲ್ಲದ ಮಾಡೆಲ್ ಆದರೆ ಎಡಗೈ ಇಡುವ ಜಾಗಕ್ಕೆ ಕಿವಿ ಕೊಡಿ, ಒಳಗೆ ಕಿರ್ರ್ ಕಿರ್ರ್ ಅಂತ ಹೆಡ್ ಓಡಾಡುವ ಸದ್ದು ಕೇಳುತ್ತದೆ. ಕೆಲವು ಮೆಷಿನ್‌ಗಳಲ್ಲಿ ಇದೆಲ್ಲ ಕೆಲವೇ ನಿಮಿಷ, ಹಳೇ ಡಿಸ್ಕ್ ಆದರೆ ಊಟ ಮುಗಿಸಿ ಬರುವಷ್ಟು ಹೊತ್ತು. ಹ್ಯಾಂಗ್ ಆಯಿತು ಅಂತ ಪವರ್ ಬಟನ್ ಒತ್ತಿ ಹಿಡಿಯುವವರು ಡೇಟಾ ಕಳೆದುಕೊಳ್ಳುವುದು ಇಲ್ಲಿಯೇ.

ವಿಂಡೋಸ್ ಬಂದ ಮೇಲೆ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ನೋಡಿ. ಮೊದಲು ಒಂದೇ ಇದ್ದದ್ದು ಈಗ ಎರಡಾಗಿರುತ್ತದೆ. 931 ಜಿಬಿಯದು ನಿಮ್ಮ ಹಾರ್ಡ್‌ಡಿಸ್ಕ್. ಅದರ ಜೊತೆ 13.4 ಜಿಬಿಯಷ್ಟು ಖಾಲಿ ಜಾಗ ತೋರಿಸುವ ಪುಟ್ಟ ಡಿಸ್ಕ್, ಅದು ಆಪ್ಟೇನ್. 16 ಜಿಬಿ ಅಂತ ಕೊಟ್ಟದ್ದು ಕಾಣುವುದೇ ಅಷ್ಟು; 32ರದ್ದಾದರೆ 27 ಚಿಲ್ಲರೆ. "ಇನಿಶಿಯಲೈಸ್ ಮಾಡಲಾ?" ಅಂತ ವಿಂಡೋಸ್ ಕೇಳಿದರೆ ಕ್ಯಾನ್ಸಲ್ ಒತ್ತಿ ಸುಮ್ಮನಿರಿ. ಎರಡೂ ಬೇರೆ ಬೇರೆ ಕಂಡವು, ನಾಲ್ಕಾರು ಫೋಟೋ, ಫೈಲ್ ತೆರೆದು ನೋಡಿದಿರಿ, ಎಲ್ಲ ಸರಿ ಇದೆ. ಈಗ ಮೆಷಿನ್ ಪೂರ್ತಿ ಆಫ್ ಮಾಡಿ ಚಿಪ್ ಬಿಚ್ಚಬಹುದು.

ಬಯಾಸ್‌ನಿಂದ ಆಫ್ ಮಾಡುವುದು

ವಿಂಡೋಸ್ ಬರುತ್ತಿಲ್ಲ, ಆದರೆ ಚಿಪ್ಪೂ ಡಿಸ್ಕೂ ಎರಡೂ ಬದುಕಿವೆ ಅಂದರೆ ಇದು ನಿಮ್ಮ ದಾರಿ. ಬಯಾಸ್‌ಗೆ ಹೋದರೆ, ಬಹಳಷ್ಟು ಬೋರ್ಡ್‌ಗಳಲ್ಲಿ ಅಡ್ವಾನ್ಸ್‌ಡ್ ಒಳಗೆ, ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ಟೆಕ್ನಾಲಜಿ ಅಂತ ಒಂದು ಮೆನು ಇರುತ್ತದೆ. ಅದರಲ್ಲಿ ಆಪ್ಟೇನ್ ವಾಲ್ಯೂಮ್ ಆರಿಸಿದರೆ ಡಿಕನ್‌ಕ್ಯಾಟಿನೇಟ್ ಅನ್ನುವ ಆಯ್ಕೆ ಸಿಗುತ್ತದೆ. ಒತ್ತಿದಾಗ ಬಳಕೆದಾರರ ಡೇಟಾ ಉಳಿಸಬೇಕಾ, "ಪ್ರಿಸರ್ವ್ ಯೂಸರ್ ಡೇಟಾ" ಅಂತ ಕೇಳುತ್ತದೆ. ಅಲ್ಲಿ ಯೆಸ್ ಇರಬೇಕು. ನೋ ಇದ್ದರೆ ಚಿಪ್‌ನಲ್ಲಿರುವುದನ್ನು ಡಿಸ್ಕ್‌ಗೆ ಬರೆಯದೆ ಜೋಡಿಯನ್ನು ಕತ್ತರಿಸುತ್ತದೆ. ಅದೇ ಮೆನುವಿನಲ್ಲಿ ಮೆಟಾಡೇಟಾ ಅಳಿಸುವ, ಆಪ್ಟೇನ್ ಅಲ್ಲದ ಸ್ಥಿತಿಗೆ ರೀಸೆಟ್ ಮಾಡುವ ಆಯ್ಕೆಗಳೂ ಪಕ್ಕಪಕ್ಕದಲ್ಲೇ ಇರಬಹುದು. ಡೇಟಾ ಬೇಕಾದವರು ಅವುಗಳ ಹತ್ತಿರ ಹೋಗಬೇಡಿ.

ತೊಡಕು ಏನೆಂದರೆ ಕೆಲವು ಲ್ಯಾಪ್‌ಟಾಪ್‌ಗಳ ಬಯಾಸ್‌ನಲ್ಲಿ ಈ ಮೆನು ಇರುವುದೇ ಇಲ್ಲ, ಇದ್ದರೂ ಹೆಸರು ಬೇರೆ. ವಿಂಡೋಸ್ ಓಡುತ್ತಿರುವವರು ಇಲ್ಲಿಗೆ ಬರುವ ಅಗತ್ಯ ಇಲ್ಲ, ಮೇಲಿನ ದಾರಿಯಲ್ಲಿ ಎಷ್ಟು ಸುರಕ್ಷೆ ಇದೆಯೋ ಅದಕ್ಕಿಂತ ಹೆಚ್ಚೇನೂ ಇದರಲ್ಲಿ ಸಿಗುವುದಿಲ್ಲ.

ಎಎಚ್‌ಸಿಐಗೆ ತಿರುಗಿಸುವುದು ಆಫ್ ಮಾಡಿದ ಹಾಗಲ್ಲ

ಬಯಾಸ್‌ನಲ್ಲಿ ಸಾಟಾ ಮೋಡ್ ಅಂತ, ಡಿಸ್ಕ್ ಜೊತೆ ಮದರ್‌ಬೋರ್ಡ್ ಯಾವ ರೀತಿ ಮಾತಾಡಬೇಕು ಅಂತ ಆರಿಸುವ ಸೆಟ್ಟಿಂಗ್ ಇರುತ್ತದಲ್ಲ, ಅದನ್ನು ಆರ್‌ಎಸ್‌ಟಿಯಿಂದ ಎಎಚ್‌ಸಿಐಗೆ ತಿರುಗಿಸಿದರೆ ಆಪ್ಟೇನ್ ಆಫ್ ಆಗುತ್ತದೆ ಅಂತ ಎಷ್ಟೋ ಜನ ನಂಬಿದ್ದಾರೆ. ಆಫ್ ಆಗುವುದಿಲ್ಲ. ಚಿಪ್‌ನಲ್ಲಿ ಇರುವುದು ಅಲ್ಲೇ ಇರುತ್ತದೆ, ಕಂಪ್ಯೂಟರ್‌ಗೆ ಈಗ ಹಳಸಿದ ಡಿಸ್ಕ್ ಮಾತ್ರ ಕಾಣುತ್ತದೆ. ನೀಲಿ ಪರದೆ, ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್. ಹೀಗಾದರೆ ಕೂಡಲೇ ಮೋಡನ್ನು ಮೊದಲಿದ್ದ ಹಾಗೇ ಮಾಡಿ. ಸ್ಟಾರ್ಟಪ್ ರಿಪೇರ್ ಓಡಿಸಬೇಡಿ, ಚೆಕ್‌ಡಿಸ್ಕ್ ಓಡಲು ಬಿಡಬೇಡಿ. ಅವು ಅರ್ಧ ಹಳೆಯ ಪಟ್ಟಿ ನೋಡಿಕೊಂಡು ಡಿಸ್ಕನ್ನು "ಸರಿ" ಮಾಡಲು ಹೊರಟರೆ ಸರಿ ಇದ್ದದ್ದೂ ಹಾಳಾಗುತ್ತದೆ. ಹಾರ್ಡ್‌ಡಿಸ್ಕ್ ಬಿಚ್ಚಿ ಯುಎಸ್‌ಬಿ ಕೇಸ್‌ಗೆ ಹಾಕಿ ಇನ್ನೊಂದು ಕಂಪ್ಯೂಟರ್‌ಗೆ ಸಿಕ್ಕಿಸಿದಾಗ "ಫಾರ್ಮ್ಯಾಟ್ ಮಾಡಬೇಕು" ಅಂತ ಬಂದರೂ ಇದೇ ಮಾತು, ಕ್ಯಾನ್ಸಲ್ ಒತ್ತಿ ಬಿಚ್ಚಿಬಿಡಿ.

ಆಪ್ಟೇನ್ ಆಫ್ ಆದ ಮೇಲೂ ವಿಂಡೋಸ್‌ಗೆ ಎಎಚ್‌ಸಿಐ ಬೇಕೇಬೇಕು ಅಂತೇನಿಲ್ಲ, ಆರ್‌ಎಸ್‌ಟಿ ಮೋಡ್‌ನಲ್ಲೇ ಆರಾಮಾಗಿ ಓಡುತ್ತದೆ. ಬೇಕಾಗುವುದು ಲಿನಕ್ಸ್ ಹಾಕುವವರಿಗೆ. ಉಬುಂಟು ಇನ್‌ಸ್ಟಾಲರ್ ಆರ್‌ಎಸ್‌ಟಿ ಕಂಡರೆ ಅದನ್ನು ಆಫ್ ಮಾಡಿ ಬನ್ನಿ ಅಂತ ಅಲ್ಲೇ ನಿಲ್ಲಿಸುತ್ತದೆ. ಆ ಇಂಜಿನಿಯರಿಂಗ್ ಹುಡುಗನಿಗೆ ಹೇಳಿದ್ದು ಹೀಗೆ: ಮೊದಲು ಆಪ್ಟೇನ್ ಡಿಸೇಬಲ್ ಮಾಡು, ಬಿಟ್‌ಲಾಕರ್ ಸಸ್ಪೆಂಡ್ ಮಾಡು, ಎಂಎಸ್‌ಕಾನ್ಫಿಗ್‌ನ ಬೂಟ್ ಪುಟದಲ್ಲಿ ಸೇಫ್ ಬೂಟ್ ಟಿಕ್ ಮಾಡಿ ರೀಸ್ಟಾರ್ಟ್ ಮಾಡು, ನೇರ ಬಯಾಸ್‌ಗೆ ಹೋಗಿ ಎಎಚ್‌ಸಿಐಗೆ ತಿರುಗಿಸು. ಸೇಫ್ ಮೋಡ್‌ನಲ್ಲಿ ವಿಂಡೋಸ್ ಬಂದಾಗ ಬೇಕಾದ ಡ್ರೈವರ್ ತಾನೇ ಹಿಡಿದುಕೊಳ್ಳುತ್ತದೆ, ಆಮೇಲೆ ಟಿಕ್ ತೆಗೆದು ಮತ್ತೆ ರೀಸ್ಟಾರ್ಟ್. ಸೇಫ್ ಮೋಡ್‌ನಲ್ಲಿ ಪಿನ್ ಕೆಲಸ ಮಾಡದೇ ಇರಬಹುದು. ಖಾತೆಯ ನಿಜವಾದ ಪಾಸ್‌ವರ್ಡ್ ನೆನಪಿರಲಿ ಅಂದೆ. "ಪಾಸ್‌ವರ್ಡ್ ಯಾರಿಗೆ ನೆನಪಿರುತ್ತೆ ಅಣ್ಣಾ" ಅಂದ. ಹೋಗಿ ಮೊದಲು ಅದನ್ನು ರೀಸೆಟ್ ಮಾಡಿಕೊಂಡು ಬಾ ಅಂದೆ.

ಎಸ್‌ಎಸ್‌ಡಿ ಹಾಕುವವರು: ಕ್ಲೋನ್ ಮಾಡಬೇಕಾ, ಹೊಸದಾಗಿ ಹಾಕಬೇಕಾ?

ನನ್ನನ್ನು ಕೇಳಿದರೆ ಆಪ್ಟೇನ್ ಆಫ್ ಮಾಡುವುದಕ್ಕೆ ಗಟ್ಟಿ ಕಾರಣ ಇದೊಂದೇ. ಸಾಮಾನ್ಯ ಸಾಟಾ ಎಸ್‌ಎಸ್‌ಡಿಯೇ ಸೆಕೆಂಡಿಗೆ 500 ಎಂಬಿ ದಾಟುತ್ತದೆ. ಅದು ಡ್ರೈವ್ ಪೂರ್ತಿಗೆ ಸಿಗುವ ವೇಗ, ಆಗಾಗ ಬಳಸುವ 16 ಜಿಬಿಗೆ ಮಾತ್ರ ಅಲ್ಲ.

ಇಲ್ಲೊಂದು ಅನುಕೂಲ ಇದೆ, ಅಂಗಡಿಯಲ್ಲಿ ಎಲ್ಲರೂ ಹೇಳುವುದಿಲ್ಲ. ಆಪ್ಟೇನ್ ಕೂತಿರುವ ಎಂ.2 ಸ್ಲಾಟ್ (ಮದರ್‌ಬೋರ್ಡ್ ಮೇಲೆ ಕಡ್ಡಿಯಾಕಾರದ ಕಾರ್ಡ್ ಸಿಕ್ಕಿಸುವ ಜಾಗ) ಪಿಸಿಐಇ ಅನ್ನುವ ವೇಗದ ಸಂಪರ್ಕದ ಸ್ಲಾಟ್ ಆಗಿರಲೇಬೇಕು, ಯಾಕೆಂದರೆ ಆಪ್ಟೇನ್ ಓಡುವುದೇ ಅದರಲ್ಲಿ. ಅಂದರೆ ಅಲ್ಲಿ ಪಿಸಿಐಇಯಲ್ಲೇ ಓಡುವ, ಸಾಟಾಗಿಂತ ವೇಗದ ಎನ್‌ವಿಎಂಇ ಎಸ್‌ಎಸ್‌ಡಿ ಕೂರುತ್ತದೆ. ಅದೇ ಆಕಾರದ ಎಂ.2 ಸಾಟಾ ಎಸ್‌ಎಸ್‌ಡಿ ಕೊಂಡರೆ ಕೆಲಸ ಮಾಡುತ್ತದೆ ಅಂತ ಹೇಳಲಾಗದು, ಕೊಳ್ಳಬೇಡಿ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ 80 ಮಿ.ಮೀ. ಉದ್ದದ 2280 ಹಿಡಿಸುವುದಿಲ್ಲ, 42 ಮಿ.ಮೀ.ನ 2242 ಬೇಕು, ಚಿಪ್ ಬಿಚ್ಚಿದಾಗ ಸ್ಕ್ರೂ ತೂತು ಎಲ್ಲಿದೆ ನೋಡಿ ಗೊತ್ತಾಗುತ್ತದೆ.

ಕ್ಲೋನ್, ಅಂದರೆ ಡಿಸ್ಕನ್ನು ವಿಂಡೋಸ್ ಸಮೇತ ಇದ್ದ ಹಾಗೇ ನಕಲು, ಮಾಡುವವರ ಕ್ರಮ: ಆಪ್ಟೇನ್ ಡಿಸೇಬಲ್, ಚಿಪ್ ಹೊರಗೆ, ಆ ಜಾಗಕ್ಕೆ ಎನ್‌ವಿಎಂಇ ಒಳಗೆ, ವಿಂಡೋಸ್‌ನಿಂದಲೇ ಹಾರ್ಡ್‌ಡಿಸ್ಕ್‌ನಲ್ಲಿ ಇದ್ದದ್ದನ್ನು ಕ್ಲೋನ್. ಯುಎಸ್‌ಬಿ ಕೇಬಲ್ ಖರ್ಚೂ ಉಳಿಯಿತು. ಮೊದಲ ಸಲ ಹೊಸದರಿಂದ ಬೂಟ್ ಮಾಡುವಾಗ ಹಳೇ ಡಿಸ್ಕಿನ ಕೇಬಲ್ ತೆಗೆದಿಡಿ, ಎರಡೂ ಒಂದೇ ಗುರುತು ಹೊತ್ತಿರುತ್ತವೆ. 1 ಟಿಬಿಯಲ್ಲಿ 600 ಜಿಬಿ ತುಂಬಿಸಿಕೊಂಡು 512 ಜಿಬಿ ಎಸ್‌ಎಸ್‌ಡಿಗೆ ಕ್ಲೋನ್ ಮಾಡಲು ಬರುವುದಿಲ್ಲ, ಮೊದಲು ಫೋಟೋ ವಿಡಿಯೋ ಹೊರಗೆ ಸಾಗಿಸಿ. ಆಪ್ಟೇನ್ ಆನ್ ಇರುವಾಗ ಹಾರ್ಡ್‌ಡಿಸ್ಕ್ ಒಂದನ್ನೇ ಬಿಚ್ಚಿ ಇನ್ನೊಂದು ಮೆಷಿನ್‌ನಲ್ಲಿ ಕ್ಲೋನ್ ಮಾಡಿದರೆ ಬರುವುದು ಹರಕು ಪ್ರತಿ.

ಡಿಟಿಪಿಯವರಿಗೆ ನಾನು ಕ್ಲೋನ್ ಮಾಡಿಸಿ ಅಂದೆ. ಹೊಸದಾಗಿ ವಿಂಡೋಸ್ ಹಾಕಿದರೆ ಮೆಷಿನ್ ಹಗುರ ಆಗುವುದು ನಿಜ. ಆದರೆ ಅವರ ಮೆಷಿನ್‌ನಲ್ಲಿ ಇರುವುದೇನು? ಕನ್ನಡ ಟೈಪಿಂಗ್‌ನ ನುಡಿ ಸಾಫ್ಟ್‌ವೇರ್, ಹತ್ತಾರು ವರ್ಷದಿಂದ ಸೇರಿಸಿಕೊಂಡ ಕನ್ನಡ ಫಾಂಟ್‌ಗಳು, ಹಳೇ ಪೇಜ್‌ಮೇಕರ್ ಫೈಲ್‌ಗಳು, ಪ್ರಿಂಟರ್ ಡ್ರೈವರ್. ಒಂದು ಫಾಂಟ್ ತಪ್ಪಿದರೆ ಮದುವೆ ಕಾರ್ಡಿನ ಹಳೇ ಫೈಲ್ ತೆರೆದಾಗ ಅಕ್ಷರದ ಬದಲು ಚಿಹ್ನೆಗಳು ಕೂತಿರುತ್ತವೆ. ಆ ಫಾಂಟ್ ಯಾವುದು, ಎಲ್ಲಿಂದ ಬಂತು ಅಂತ ಯಾರಿಗೂ ನೆನಪಿರುವುದಿಲ್ಲ. ಅಂಗಡಿ ಲೆಕ್ಕ ಇಡುವವರಿಗೂ ಇದೇ. ಟ್ಯಾಲಿಯ ಡೇಟಾ ಸಾಮಾನ್ಯವಾಗಿ ಸಿ ಡ್ರೈವ್‌ನಲ್ಲೇ ಇರುತ್ತದೆ, ಡಾಕ್ಯುಮೆಂಟ್ಸ್ ಮತ್ತು ಡೆಸ್ಕ್‌ಟಾಪ್ ಕಾಪಿ ಮಾಡಿಕೊಂಡೆ ಅಂತ ಫಾರ್ಮ್ಯಾಟ್ ಮಾಡಿದವರು ಆಮೇಲೆ ಹುಡುಕುತ್ತಾ ಕೂರುತ್ತಾರೆ.

ಹೊಸದಾಗಿ ಹಾಕುವುದು ಒಳ್ಳೆಯದು ಯಾರಿಗೆ ಅಂದರೆ ವೈರಸ್ ಹೊಕ್ಕಿದ ಮೆಷಿನ್‌ಗೆ, ಮಾರಲು ಹೊರಟವರಿಗೆ, ಬ್ರೌಸರ್ ಬಿಟ್ಟರೆ ಬೇರೇನೂ ಬಳಸದವರಿಗೆ, ಹಾರ್ಡ್‌ಡಿಸ್ಕ್ ಹಳದಿಗೆ ಬಂದು ಕ್ಲೋನ್ ಮಧ್ಯದಲ್ಲೇ ನಿಲ್ಲುತ್ತಿರುವವರಿಗೆ. ಇಲ್ಲೂ ಆಪ್ಟೇನ್ ಮೊದಲೇ ಡಿಸೇಬಲ್ ಮಾಡಿದರೆ ತಲೆನೋವು ಕಡಿಮೆ. 11ನೇ ತಲೆಮಾರಿನ ಇಂಟೆಲ್ ಪ್ರೊಸೆಸರ್ ಆದರೆ ಇನ್‌ಸ್ಟಾಲ್ ಮಾಡುವಾಗ "ಡ್ರೈವ್ ಯಾವುದೂ ಸಿಗಲಿಲ್ಲ" ಅಂತ ಬರಬಹುದು. ಡಿಸ್ಕ್ ಸತ್ತಿದೆ ಅಂದುಕೊಳ್ಳಬೇಡಿ, ಆರ್‌ಎಸ್‌ಟಿ ಡ್ರೈವರನ್ನು ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಂಡು ಲೋಡ್ ಡ್ರೈವರ್ ಒತ್ತಿದರೆ ಕಾಣಿಸುತ್ತದೆ. ಇನ್ನೊಂದು ಮಾತು, ವಿಂಡೋಸ್ 11 ಅಧಿಕೃತವಾಗಿ ಬೇಕಾದರೆ ಹೆಚ್ಚುಕಡಿಮೆ 8ನೇ ತಲೆಮಾರಿನ ಇಂಟೆಲ್‌ನಿಂದ ಮೇಲಿರಬೇಕು. 7ನೆಯದು ಇರುವವರು ಎಸ್‌ಎಸ್‌ಡಿಗೆ ದುಡ್ಡು ಹಾಕುವ ಮುಂಚೆ ಇದನ್ನು ನೋಡಿಕೊಳ್ಳಿ.

ಆಪ್ಟೇನ್ ಅಲ್ಲದವರು

ಹೆಸರು ಬೇರೆಯಾದರೂ ಕೇಳಬೇಕಾದ ಪ್ರಶ್ನೆ ಅದೇ, ಹೊಸ ಪ್ರತಿ ಎಲ್ಲಿದೆ ಅಂತ. 2011ರ ಝಡ್68 ಬೋರ್ಡ್‌ಗಳಿಂದ ಬಂದ ಇಂಟೆಲ್ ಸ್ಮಾರ್ಟ್ ರೆಸ್ಪಾನ್ಸ್‌ನಲ್ಲಿ ಎರಡು ಮೋಡ್: ಎನ್‌ಹಾನ್ಸ್‌ಡ್‌ನಲ್ಲಿ ಎರಡೂ ಕಡೆ ಒಟ್ಟಿಗೆ ಬರೆಯುತ್ತದೆ, ಮ್ಯಾಕ್ಸಿಮೈಸ್ಡ್‌ನಲ್ಲಿ ಮೊದಲು ಎಸ್‌ಎಸ್‌ಡಿಗೆ. ಎರಡನೆಯದು ಇದ್ದರೆ ಮೊದಲು ಎನ್‌ಹಾನ್ಸ್‌ಡ್‌ಗೆ ತಿರುಗಿಸಿ ಆಮೇಲೆ ಡಿಸೇಬಲ್ ಮಾಡಿ. ಎಎಂಡಿಯ ಸ್ಟೋರ್‌ಎಂಐ 2018ರ ಮೊದಲ ಆವೃತ್ತಿಯಲ್ಲಿ ಡೇಟಾವನ್ನೇ ಎಸ್‌ಎಸ್‌ಡಿಗೆ ಸಾಗಿಸಿಬಿಡುತ್ತದೆ, ಹಾರ್ಡ್‌ಡಿಸ್ಕ್‌ನಲ್ಲಿ ಪ್ರತಿ ಇರುವುದಿಲ್ಲ. ಅದರ ಸಾಫ್ಟ್‌ವೇರ್‌ನಿಂದಲೇ ಬಿಡಿಸಬೇಕು. ಆ್ಯಪಲ್‌ನ ಫ್ಯೂಷನ್ ಡ್ರೈವ್‌ನ ಜೋಡಿ ಬಿಡಿಸಿದರೆ ಎಲ್ಲ ಅಳಿಸಿಹೋಗುತ್ತದೆ, ಅಲ್ಲಿ ಬ್ಯಾಕಪ್ ಬಿಟ್ಟರೆ ಬೇರೆ ದಾರಿ ಇಲ್ಲ. ಪೆನ್‌ಡ್ರೈವ್‌ನ ರೆಡಿಬೂಸ್ಟ್ ಮಾತ್ರ ನಿರುಪದ್ರವಿ, ಯಾವಾಗ ಕಿತ್ತರೂ ಡೇಟಾ ಹೋಗುವುದಿಲ್ಲ. ಒಂದೇ ಕಡ್ಡಿಯಲ್ಲಿ ಆಪ್ಟೇನ್ ಮತ್ತು ಎಸ್‌ಎಸ್‌ಡಿ ಎರಡೂ ಇರುವ ಎಚ್10, ಎಚ್20 ನಿಮ್ಮದಾದರೆ ಬಿಚ್ಚುವ ಮಾತೇ ಬೇಡ, ಆ್ಯಪ್‌ನಿಂದ ಆಫ್ ಮಾಡಿದರೆ ಎರಡು ಡಿಸ್ಕ್ ಆಗಿ ಕಾಣುತ್ತದೆ ಅಷ್ಟೆ.

ಅಂಗಡಿಗೆ ಕೊಡುವವರು

ಸ್ಕ್ರೂ ಬಿಚ್ಚುವ ಧೈರ್ಯ ಇಲ್ಲ ಅಂದರೆ ಕೊಡಿ, ತಪ್ಪೇನಿಲ್ಲ. ಆದರೆ ಡಿಸೇಬಲ್ ಮಾಡುವ ಬಟನ್ ನೀವೇ ಮನೆಯಲ್ಲಿ ಒತ್ತಿ, ಎರಡು ಡಿಸ್ಕ್ ಬೇರೆ ಬೇರೆ ಕಂಡದ್ದನ್ನು ನೋಡಿಕೊಂಡು ತೆಗೆದುಕೊಂಡು ಹೋಗಿ. ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: "ಇದರಲ್ಲಿ ಆಪ್ಟೇನ್ ಇದೆ, ಹೇಗೆ ತೆಗೀತೀರ?" "ಅದೇನಿಲ್ಲ ಸಾರ್, ಎತ್ತಿಬಿಟ್ಟು ಎಸ್‌ಎಸ್‌ಡಿ ಹಾಕಿಬಿಡ್ತೀವಿ" ಅಂತ ಉತ್ತರ ಬಂದರೆ ಮುಂದಿನ ಅಂಗಡಿ ನೋಡಿ. ಎಸ್.ಪಿ. ರೋಡ್‌ನಲ್ಲಿ ಅಗ್ಗ ಅಂತ ಬೆಂಗಳೂರಿಗೆ ಹೋಗುವವರಿಗೂ ಇದೇ ಮಾತು.

ಮಂಡ್ಯದ ಸ್ಟುಡಿಯೋದವರದ್ದು ಸ್ವಲ್ಪ ಬೇರೆ ಕಥೆ. ಅವರದು ಡೆಸ್ಕ್‌ಟಾಪ್. ವಿಂಡೋಸ್ ಎಸ್‌ಎಸ್‌ಡಿಯಲ್ಲಿದೆ, ಆಪ್ಟೇನ್ ಜೋಡಿಯಾಗಿರುವುದು ಮದುವೆ ಫೋಟೋ ತುಂಬಿದ ಎರಡನೇ ಹಾರ್ಡ್‌ಡಿಸ್ಕ್‌ಗೆ. ಹೀಗೆ ಡೇಟಾ ಡ್ರೈವ್‌ಗೆ ಜೋಡಿಸುವ ಅವಕಾಶವೂ ಆಪ್ಟೇನ್‌ನಲ್ಲಿ ಇದೆ. ಅವರಿಗೆ ಬೇಕಾದದ್ದು ಇನ್ನೂ ದೊಡ್ಡ ಡಿಸ್ಕ್. ನಾನು ಹೇಳಿದ್ದು: ಮದುವೆ ಸೀಸನ್ ಮುಗಿಯುವವರೆಗೆ ಈಗಿನ ಜೋಡಿಯನ್ನು ಮುಟ್ಟಬೇಡಿ. ಹೊಸ 4 ಟಿಬಿ ಡಿಸ್ಕ್ ತಂದು ಪಕ್ಕದಲ್ಲಿ ಸಿಕ್ಕಿಸಿ, ಆಪ್ಟೇನ್ ಆನ್ ಇರುವಾಗಲೇ ಎಲ್ಲವನ್ನೂ ವಿಂಡೋಸ್‌ನಿಂದ ಕಾಪಿ ಮಾಡಿಕೊಳ್ಳಿ, ಹಾಗೆ ಓದುವಾಗ ಚಿಪ್‌ನಲ್ಲಿರುವ ಹೊಸ ಪ್ರತಿಯೇ ಬರುತ್ತದೆ. ಆಲ್ಬಂ ಡಿಸೈನ್ ಫೈಲ್‌ಗಳನ್ನು ಹೊಸ ಡಿಸ್ಕಿನಿಂದಲೇ ಕೆಲವು ದಿನ ತೆರೆದು ಕೆಲಸ ಮಾಡಿ ನೋಡಿ. ಸರಿ ಅನಿಸಿದ ಮೇಲೆ ಹಳೇ ಜೋಡಿಯನ್ನು ಡಿಸೇಬಲ್ ಮಾಡಿ. ಹಳೇ ಡಿಸ್ಕನ್ನು ಫಾರ್ಮ್ಯಾಟ್ ಮಾಡದೆ, ಮೇಲೆ ದಿನಾಂಕ ಬರೆದು ಬೀರುವಿನಲ್ಲಿ ಇಟ್ಟರೆ ಆ ವರ್ಷದ ಮದುವೆಗಳಿಗೆ ಅದೇ ಎರಡನೇ ಪ್ರತಿ ಆಯಿತು.